ತಂತಿಯಲ್ಲಿ ಹರಿಯುವುದು ನಾದವಲ್ಲ

ಇಚಲಕರಂಜಿಯ ಹೆಸರೆತ್ತಿದೊಡನೆ ನಮ್ಮ ವಾಚಕರಿಗೆ ಮಗ್ಗದ ಸದ್ದು ನೆನಪಾಗುವುದು ಸಹಜ. ಜಕಾರ್ಡ್ ಮಗ್ಗವನ್ನು ಕಂಡವರು ಅದರ ನೆತ್ತಿಯ ಮೇಲೆ ಸಾಲಾಗಿ ಸರಿಯುವ, ತೂತು ಹೊಡೆದ ರಟ್ಟುಗಳನ್ನೂ ಕಂಡಿರುತ್ತಾರೆ. ಆ ರಟ್ಟಿನಲ್ಲಿ ನೂಲಿಲ್ಲ, ಬಣ್ಣವಿಲ್ಲ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬ ಅಪ್ಪಣೆ ಮಾತ್ರವಿದೆ. ನೂಲು ಹೂಡದ ಮಗ್ಗಕ್ಕೆ ಎಷ್ಟು ರಟ್ಟು ಕಟ್ಟಿದರೂ ಸೀರೆ ಹುಟ್ಟದು.

ಈ ತಿಂಗಳ ವಿಷಯವನ್ನು ಅರಿಯಲು ಈ ರಟ್ಟನ್ನು ನೆನಪಿನಲ್ಲಿಟ್ಟರೆ ಸಾಕು. ಮಕ್ಕಳ ಅಭ್ಯಾಸಕ್ಕೆಂದು ಡಿಜಿಟಲ್ ಪಿಯಾನೋ ಕೊಂಡವರು ಅದನ್ನು ಗಣಕಯಂತ್ರಕ್ಕೆ ಜೋಡಿಸಿ ಧ್ವನಿಮುದ್ರಣಕ್ಕೆ ಕುಳಿತಾಗ ಸದ್ದೇ ಬಾರದಿರುವುದುಂಟು. ಒಂದು ಸ್ವರ ಎರಡಾಗಿ ಕೇಳುವುದೂ ಉಂಟು. ವಾದ್ಯವೇ ಕೆಟ್ಟಿತೆಂದು ಹೊಸ ಸಾಮಾನಿಗೆ ಹಣ ಸುರಿಯುವ ಮುನ್ನ ತಂತಿಯಲ್ಲಿ ಹರಿಯುವುದು ಏನೆಂಬುದನ್ನು ತಿಳಿಯಬೇಕು.

ವಾದ್ಯಕ್ಕೂ ಗಣಕಯಂತ್ರಕ್ಕೂ ನಡೆಯುವ ಈ ಸಂಭಾಷಣೆಯ ಭಾಷೆಗೆ 'ಮಿಡಿ' ಎಂದು ಹೆಸರು. ನಮಗೆ ಮಿಡಿ ಎಂದರೆ ಉಪ್ಪಿನಕಾಯಿಯ ಮಾವು, ಇಲ್ಲವೆ ವೀಣೆಯ ತಂತಿ ಮಿಡಿಯುವುದು. ಇದು ಬೇರೆ. ಅಮೇರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೋ ಕಾಕೆಹಾಶಿ ಮೊದಲಾದವರ ಯತ್ನದಿಂದ 1983ರಲ್ಲಿ ರೂಢಿಗೆ ಬಂದ ಒಂದು ಒಪ್ಪಂದ. ಮಧ್ಯದ ಸಿ ಕೀಲಿಯನ್ನು ಒತ್ತಿದರೆ ತಂತಿಯಲ್ಲಿ ಹೋಗುವುದು ನಾದವಲ್ಲ. '60ನೆಯ ಸ್ವರ, ಇಷ್ಟು ಬಲದಿಂದ' ಎಂಬ ಅಂಕಿ. ಬೆರಳು ಎತ್ತಿದಾಗ ಇನ್ನೊಂದು ಅಂಕಿ. ಅಪ್ಪಣೆಯನ್ನು ನಾದವಾಗಿಸುವ ಕೃತಕ ವಾದ್ಯವೊಂದು ತಂತ್ರಾಂಶದಲ್ಲಿ ಇರಲೇಬೇಕು. ಅದೇ ನೂಲು.

ಇನ್ನು ಪರೀಕ್ಷೆಯ ಕ್ರಮ. ಮೊದಲು ತಂತಿಯನ್ನು ನೋಡಿರಿ. ಪಿಯಾನೋದಲ್ಲಿ ಎರಡು ಯುಎಸ್‌ಬಿ ರಂಧ್ರಗಳಿದ್ದರೆ 'ಟು ಹೋಸ್ಟ್' ಎಂದು ಬರೆದುದೇ ಗಣಕಯಂತ್ರಕ್ಕೆ, ಇನ್ನೊಂದು ಪೆನ್‌ಡ್ರೈವಿಗೆ. ಮೊಬೈಲ್ ಚಾರ್ಜ್ ಮಾಡುವ ಕೆಲವು ತಂತಿಗಳು ವಿದ್ಯುತ್ತನ್ನು ಮಾತ್ರ ಒಯ್ಯುತ್ತವೆ, ಅಂಕಿಗಳನ್ನು ಒಯ್ಯವು. ಐದು ಮುಳ್ಳಿನ ದುಂಡು ರಂಧ್ರಗಳಿರುವ ಹಳೆಯ ವಾದ್ಯವಾದರೆ ಅದರ 'ಔಟ್' ಇತ್ತಕಡೆಯ 'ಇನ್'ಗೆ ಸೇರಬೇಕು.

ಎರಡನೆಯದಾಗಿ, ಪಿಯಾನೋವನ್ನು ಮೊದಲು ಚಾಲೂ ಮಾಡಿ ತಂತ್ರಾಂಶವನ್ನು ಆಮೇಲೆ ತೆರೆಯಿರಿ. ತೆರೆಯುವಾಗ ಇಲ್ಲದ ವಾದ್ಯವನ್ನು ಕೆಲವು ತಂತ್ರಾಂಶಗಳು ಆಮೇಲೆ ಗುರುತಿಸುವುದಿಲ್ಲ. ಸೆಟ್ಟಿಂಗ್ಸ್‌ನ ಮಿಡಿ ಪಟ್ಟಿಯಲ್ಲಿ ವಾದ್ಯದ ಹೆಸರಿದೆಯೇ, ಅದನ್ನು ಆರಿಸಿದೆಯೇ ನೋಡಿರಿ. ಹೆಸರೇ ಕಾಣದಿದ್ದರೆ ಆ ಮಾದರಿಗೆ ಬೇಕಾದ ಡ್ರೈವರ್ ಹಾಕಬೇಕಾದೀತು.

ಮೂರನೆಯದಾಗಿ, ಕೀಲಿ ಒತ್ತಿದಾಗ ತೆರೆಯ ಮೇಲಿನ ಗುರುತು ಕುಣಿಯುತ್ತದೆ, ಸದ್ದು ಮಾತ್ರ ಇಲ್ಲವೆನ್ನಿ. ಆಗ ತಂತಿ ಸರಿಯಾಗಿದೆ. ಟ್ರ್ಯಾಕಿನ ಮೇಲೆ ಕೃತಕ ವಾದ್ಯವನ್ನು ಇಟ್ಟಿಲ್ಲ, ಇಲ್ಲವೆ ಸದ್ದು ಬೇರೆ ಸ್ಪೀಕರಿಗೆ ಹೋಗುತ್ತಿದೆ.

ಒಂದು ಸ್ವರ ಎರಡಾಗಿ ಕೇಳಿದರೆ ಪಿಯಾನೋವೂ ತಂತ್ರಾಂಶವೂ ಒಟ್ಟಿಗೆ ನುಡಿಯುತ್ತಿವೆ ಎಂದರ್ಥ. ವಾದ್ಯದ 'ಲೋಕಲ್ ಕಂಟ್ರೋಲ್' ಆಫ್ ಮಾಡಿದರೆ ಒಂದೇ ಉಳಿಯುತ್ತದೆ. ಬೆರಳು ಒತ್ತಿದ ಮೇಲೆ ನಾದ ತಡವಾಗಿ ಬಂದರೆ 'ಬಫರ್' ಕಡಿಮೆ ಮಾಡಿರಿ. ಸೆಕೆಂಡಿಗೆ 44,100 ಮಾದರಿಗಳ ಮುದ್ರಣದಲ್ಲಿ 1024ರ ಬಫರ್ ಒಂದರಿಂದಲೇ ಸುಮಾರು 23 ಮಿಲಿಸೆಕೆಂಡಿನ ವಿಳಂಬ. 128 ಆದರೆ ಸುಮಾರು 3. ತೀರ ಇಳಿಸಿದರೆ ನಾದ ಒಡೆಯುತ್ತದೆ. ವಿಂಡೋಸ್‌ನಲ್ಲಿ 'ಆಸಿಯೋ' ಡ್ರೈವರ್ ಇದ್ದರೆ ಉತ್ತಮ.

ಇಷ್ಟರಿಂದ ಪಿಯಾನೋ ನುಡಿದೀತು. ಆದರೆ ಮುಖ್ಯವಾದ ಮಾತು ಇನ್ನೊಂದಿದೆ. ಇಚಲಕರಂಜಿಯ ಬಾಳಕೃಷ್ಣಬುವಾ ಅವರ ಶಿಷ್ಯರಾದ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಸಂಗೀತವನ್ನು ಬರೆದಿಡಲು ತಮ್ಮದೇ ಸ್ವರಲಿಪಿಯನ್ನೂ ರೂಪಿಸಿದರು. ಅದರಿಂದ ಚೀಜಿನ ಸ್ವರಗಳು ಕಾಗದದ ಮೇಲೆ ಉಳಿದವು. ಆದರೆ ಗುರುವಿನ ಕಂಠ ಕಾಗದದ ಮೇಲೆ ಉಳಿಯುವುದೇ? ಮಿಡಿಯೂ ಒಂದು ಸ್ವರಲಿಪಿಯೇ ಸರಿ.

ಗಡಹಿಂಗ್ಲಜ, ನೇಸರಿ ಕಡೆಯ ಮನೆಗಳಲ್ಲಿ ಅಜ್ಜಿಯಂದಿರ ಬಾಯಲ್ಲಿ ಬೀಸುವ ಪದಗಳು, ಸೋಬಾನೆ ಪದಗಳು ಇನ್ನೂ ಇದ್ದರೆ ಅದು ದೊಡ್ಡ ಆಸ್ತಿ. ಮೊಮ್ಮಗಳು ಪಿಯಾನೋದಲ್ಲಿ ಶ್ರುತಿ ಹಿಡಿದು, ಅಜ್ಜಿ ಹಾಡಿ, ಎಲ್ಲವೂ ಮುದ್ರಿತವಾಯಿತೆಂದು ಯಂತ್ರವನ್ನು ಮುಚ್ಚಿದರೆ, ಕಡತದಲ್ಲಿ ಉಳಿಯುವುದು ಮೊಮ್ಮಗಳ ಬೆರಳಿನ ಅಂಕಿಗಳು ಮಾತ್ರ. ಅಜ್ಜಿಯ ದನಿಯ ಒಂದು ಅಕ್ಷರವೂ ಮಿಡಿಯಲ್ಲಿ ಇರದು. ಕಂಠಕ್ಕೆ ಮೈಕ್ ಬೇಕು, ಅದಕ್ಕೆ ಬೇರೆಯೇ ಆಡಿಯೋ ಟ್ರ್ಯಾಕ್ ಬೇಕು. ಪಿಯಾನೋದ ಸ್ವಂತ ನಾದವೇ ಬೇಕಿದ್ದರೂ ಅದರ 'ಲೈನ್ ಔಟ್'ನಿಂದ ಆಡಿಯೋ ಇಂಟರ್‌ಫೇಸಿಗೆ ತಂತಿ ಎಳೆಯಬೇಕು. ಕೆಲವು ಮಾದರಿಗಳಲ್ಲಿ ಮಾತ್ರ ಯುಎಸ್‌ಬಿಯಲ್ಲಿಯೇ ನಾದವೂ ಬರುತ್ತದೆ.

ಆದುದರಿಂದ ಹಿರಿಯರನ್ನು ಕೂರಿಸುವ ಮುನ್ನ ನೀವೇ ಒಂದು ನಿಮಿಷ ಹಾಡಿ, ನುಡಿಸಿ, ಅದನ್ನು 'ವೇವ್' ಕಡತವಾಗಿ ಹೊರತೆಗೆದು ಬೇರೊಂದು ಮೊಬೈಲಿನಲ್ಲಿ ಕೇಳಿ ನೋಡಿರಿ. ಅಲ್ಲಿ ಎರಡೂ ಕೇಳಿಸಿದರೆ ಮಾತ್ರ ಅಜ್ಜಿಯನ್ನು ಕರೆಯಿರಿ. ಕಡತವನ್ನು ಎರಡು ಕಡೆ ಇಡಿರಿ. ಪಿಯಾನೋದ ಪಾಠವನ್ನು ಮಗು ನಾಳೆಯೂ ನುಡಿಸೀತು. ಎಂಬತ್ತರ ಕಂಠ ಮತ್ತೆ ಅದೇ ಪದವನ್ನು ಹಾಡೀತೆಂಬ ಭರವಸೆ ಯಾರಿಗಿದೆ?