ವೀರವರನ ದಿನಗೂಲಿ

ನಮ್ಮಲ್ಲಿ ಇಬ್ಬರು ಸೇಡಂನವರು, ಒಬ್ಬ ವಾಡಿಯವ, ಒಬ್ಬಾಕೆ ಚಿಂಚೋಳಿ ಕಡೆಯವಳು. ಚಿತ್ತಾಪುರದಲ್ಲಿ ಚಹಾ ಕುಡಿಯುತ್ತ ಕೂತಾಗ ನಮ್ಮ ನಡುವೆ ವಾದ ಶುರುವಾದದ್ದು ಜಪಾನಿನ ಒಂದು ಚಿತ್ರಕಥೆಯಿಂದ. ‘ನರುಟೊ’ದಲ್ಲಿ ಹಾಕು ಎಂಬ ಹುಡುಗ ಬರುತ್ತಾನೆ. (ಹೆಸರು ಕೇಳಿದರೆ ನಮಗೆ ನಗು ಬರುತ್ತದೆ, ಕಥೆ ಓದಿದ ಮೇಲೆ ಬರುವುದಿಲ್ಲ.) ಜಬೂಜಾ ಎಂಬ ಬಾಡಿಗೆ ಹಂತಕ ಸಾಕಿದ ಹುಡುಗ ಇವನು. ತಾನು ಯಜಮಾನನ ಕೈಯ ಆಯುಧ ಅಷ್ಟೇ ಎಂದು ನಂಬಿದವನು. ಕೊನೆಗೆ ಜಬೂಜಾಗೆ ಬೀಳಬೇಕಿದ್ದ ಏಟಿಗೆ ತನ್ನ ಎದೆ ಕೊಟ್ಟು ಸಾಯುತ್ತಾನೆ. ಆಮೇಲೆ ಕಥಾನಾಯಕ ನರುಟೊ ಜಬೂಜಾನನ್ನು ಬೈಯುತ್ತಾನೆ: ನಿನಗಾಗಿ ಸತ್ತವನ ಬಗ್ಗೆ ನಿನಗೆ ಏನೂ ಅನಿಸುವುದಿಲ್ಲವೇ ಎಂದು. ಆ ಕಟುಕ ಅಳುತ್ತಾನೆ.

ವಾಡಿಯ ಗೆಳೆಯನಿಗೆ ಹಾಕು ಅಂದರೆ ಪ್ರಾಣ. ಚಿಂಚೋಳಿಯಾಕೆ ಒಪ್ಪಲಿಲ್ಲ. ‘ಇಂಥವ ನಮ್ಮ ಚಂದಮಾಮದಾಗ ಎಂದೋ ಬಂದು ಹೋಗ್ಯಾನಲ್ಲೋ’ ಅಂದಳು. ಆಕೆ ಹೇಳಿದ್ದು ವೀರವರನ ಕಥೆ.

ಕನ್ನಡದಲ್ಲಿ ಚಂದಮಾಮ ಶುರುವಾದದ್ದು 1949ರಲ್ಲಿ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದ ವಿಕ್ರಮನನ್ನು ಶಂಕರ್ ಅವರ ಚಿತ್ರದಲ್ಲಿ ನೋಡದ ಮನೆ ನಮ್ಮ ಅಪ್ಪ-ಅವ್ವಂದಿರ ಕಾಲದಲ್ಲಿ ಕಡಿಮೆ. ಆ ಬೇತಾಳ ಕಥೆಗಳ ಹಳೆಯ ಗಂಟು 11ನೇ ಶತಮಾನದ ಕಾಶ್ಮೀರದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿದೆ. ವೀರವರ ಅಲ್ಲಿದ್ದಾನೆ.

ಮಾಳವದಿಂದ ಬಂದ ವೀರವರ ಶೂದ್ರಕ ರಾಜನ ಬಾಗಿಲು ಕಾಯುವ ಕೆಲಸಕ್ಕೆ ದಿನಕ್ಕೆ 500 ದಿನಾರ ಕೇಳುತ್ತಾನೆ. ರಾಜ ಕೊಡುತ್ತಾನೆ, ಆದರೆ ಗೂಢಚಾರರನ್ನೂ ಹಚ್ಚುತ್ತಾನೆ: ಹೆಂಡತಿ, ಮಗ, ಮಗಳು ಇಷ್ಟೇ ಇರುವ ಮನುಷ್ಯನಿಗೆ ಇಷ್ಟು ದುಡ್ಡು ಯಾಕೆ? ಮನೆಗೆ, ಬಟ್ಟೆಬರೆಗೆ, ಪೂಜೆಗೆ, ಬ್ರಾಹ್ಮಣರಿಗೆ, ಬಡವರಿಗೆ ಎಂದು ಅವನು ಹಂಚುವುದು ತಿಳಿದ ಮೇಲೆ ರಾಜ ಸುಮ್ಮನಾಗುತ್ತಾನೆ.

ಒಂದು ಮಳೆಯ ರಾತ್ರಿ ದೂರದಲ್ಲಿ ಹೆಂಗಸೊಬ್ಬಳ ಅಳು ಕೇಳುತ್ತದೆ. ನೋಡಿ ಬಾ ಎಂದು ವೀರವರನನ್ನು ಕಳಿಸಿದ ರಾಜ ತಾನೂ ಗುಟ್ಟಾಗಿ ಹಿಂದೆ ಹೋಗುತ್ತಾನೆ. ಅಳುತ್ತಿದ್ದವಳು ಭೂದೇವಿ. ಮೂರನೆಯ ದಿನ ರಾಜ ಸಾಯುತ್ತಾನೆ, ವೀರವರ ತನ್ನ ಮಗನನ್ನು ಚಂಡಿಕೆಗೆ ಬಲಿ ಕೊಟ್ಟರೆ ಉಳಿಯುತ್ತಾನೆ ಎನ್ನುತ್ತಾಳೆ. ಹುಡುಗ ಸತ್ತ್ವವರ ತಾನೇ ಒಪ್ಪುತ್ತಾನೆ. ತಮ್ಮ ಸತ್ತದ್ದನ್ನೋ ಅಣ್ಣ ಸತ್ತದ್ದನ್ನೋ, ನಾವು ಅದರಲ್ಲೂ ವಾದ ಮಾಡಿದೆವು, ಕಂಡು ಮಗಳು ವೀರವತಿ ಎದೆಯೊಡೆದು ಸಾಯುತ್ತಾಳೆ. ಹೆಂಡತಿ ಧರ್ಮವತಿ ಚಿತೆ ಏರುತ್ತಾಳೆ. ವೀರವರ ತನ್ನ ತಲೆ ತಾನೇ ಕಡಿದುಕೊಳ್ಳುತ್ತಾನೆ. ಮರೆಯಲ್ಲಿದ್ದ ರಾಜ ನಾಚಿ ತಾನೂ ಕತ್ತಿ ಎತ್ತಿದಾಗ ದೇವಿ ಒಲಿದು ಎಲ್ಲರನ್ನೂ ಬದುಕಿಸುತ್ತಾಳೆ.

ಇವರಲ್ಲಿ ದೊಡ್ಡವರು ಯಾರು ಎಂದು ಬೇತಾಳ ಕೇಳುತ್ತಾನೆ. ವಿಕ್ರಮನ ಉತ್ತರ: ರಾಜ. ಒಡೆಯನಿಗಾಗಿ ಸಾಯುವುದು ಸೇವಕನ ಧರ್ಮ, ಅದರಲ್ಲಿ ಹೆಚ್ಚೇನಿಲ್ಲ. ಸೇವಕನಿಗಾಗಿ ಸಾಯಹೊರಟ ರಾಜ ಅಪರೂಪ.

ಈ ಉತ್ತರ ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೇತಾಳ ಒಪ್ಪಿರಬಹುದು, ನಾವು ಒಪ್ಪುವುದಿಲ್ಲ. ಸಿಟ್ಟು ಬರಲು ಕಾರಣ, ನಾವೂ ಅದೇ ಉತ್ತರ ಬರೆದವರು. ಆಶಾ ಕಾರ್ಯಕರ್ತೆಯರ ಬಗ್ಗೆ, ಶಹಾಬಾದಿನ ಕಲ್ಲಿನ ಗಣಿಯಲ್ಲಿ ಪರಸಿ ಎಬ್ಬಿಸುವವರ ಬಗ್ಗೆ, ವಾಡಿ ಜಂಕ್ಷನ್ನಿನ ಹಳಿ ಕಾಯುವವರ ಬಗ್ಗೆ ‘ನಿಸ್ವಾರ್ಥ ಸೇವೆ’ ಎಂದು ತಲೆಬರಹ ಕೊಟ್ಟಿದ್ದೇವೆ. ಶಾಲು, ಹಾರ, ಹಣ್ಣಿನ ಬುಟ್ಟಿಯ ಫೋಟೋ ಹಾಕಿದ್ದೇವೆ. ಕೂಲಿ ಎಷ್ಟು ಎಂದು ಬರೆದದ್ದು ನೆನಪಿಲ್ಲ. ಸರ್ಕಾರದ ಕಾಗದದಲ್ಲಿ ಆಶಾ ಅಕ್ಕ ನೌಕರಳಲ್ಲ, ಸ್ವಯಂಸೇವಕಿ. ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ, ಪ್ರೋತ್ಸಾಹಧನ. ಹೆಸರಿನಲ್ಲೇ ನಿಸ್ವಾರ್ಥ ತುಂಬಿಟ್ಟರೆ ಕೇಳುವ ಬಾಯಿಗೇ ನಾಚಿಕೆ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕೂತು, ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆಯುವಾಗ ಆಶಾಗಳು ಆ ನಾಚಿಕೆಯನ್ನೇ ಮೊದಲು ಬಿಟ್ಟದ್ದು.

ವೀರವರ ಪುಕ್ಕಟೆ ಕಾಯಲಿಲ್ಲ. ಬಾಗಿಲಿಗೆ ಬಂದ ಮೊದಲ ದಿನವೇ ತನ್ನ ದರ ಹೇಳಿದ. ಕಥೆ ಹೇಳುವವರು, ಓದಿದ ನಾವು, ಬಲಿಯನ್ನು ನೆನಪಿಟ್ಟು ಈ 500 ದಿನಾರ ಮರೆತೆವು. ಸೋಮದೇವ ಮಾತ್ರ ಮರೆಯಲಿಲ್ಲ. ಮರುದಿನ ರಾಜ ವೀರವರನಿಗೂ ಅವನ ಮಗನಿಗೂ ಲಾಟ ಮತ್ತು ಕರ್ನಾಟ ದೇಶಗಳನ್ನೇ ಕೊಡುತ್ತಾನೆ. ಲಾಟ ಅಂದರೆ ದಕ್ಷಿಣ ಗುಜರಾತ್. 9ನೇ ಶತಮಾನದಲ್ಲಿ ಸೇಡಂ ತಾಲ್ಲೂಕಿನ ನಮ್ಮ ಮಳಖೇಡದಲ್ಲಿ ಅಮೋಘವರ್ಷ ಆಳುವಾಗ ಲಾಟದಲ್ಲೂ ರಾಷ್ಟ್ರಕೂಟರದೇ ಒಂದು ಶಾಖೆ ಇತ್ತು. ಕಾಗಿಣಾ ದಂಡೆಯ ಆ ಕೋಟೆಗೆ ಹೋದಾಗಲೆಲ್ಲ ಇನ್ನು ಮೇಲೆ ನಮಗೆ ಈ ಬಾಗಿಲು ಕಾಯುವವನೂ ನೆನಪಾಗುತ್ತಾನೆ.

ಇನ್ನೊಂದು ಸಂಗತಿ ನಮ್ಮನ್ನು ಬಿಡುತ್ತಿಲ್ಲ. ಎಲ್ಲ ಮುಗಿದ ಮೇಲೆ ವೀರವರ ಹೆಂಡತಿ ಮಕ್ಕಳನ್ನು ಮನೆಗೆ ಬಿಟ್ಟು ಮತ್ತೆ ಬಾಗಿಲಿಗೆ ಬಂದು ನಿಂತ. ಮೇಲಿನಿಂದ ರಾಜ ಕೇಳಿದ: ಅಳುತ್ತಿದ್ದವಳು ಏನಾದಳು? ನನ್ನನ್ನು ಕಂಡದ್ದೇ ರಾಕ್ಷಸಿಯಂತೆ ಮಾಯವಾದಳು, ಮತ್ತೇನಿಲ್ಲ ಎಂದ ವೀರವರ. ರಾಜ ಅಂದು ಮಳೆಯಲ್ಲಿ ಅವನ ಹಿಂದೆ ಹೋಗದೆ ಇದ್ದಿದ್ದರೆ, ದೇವಿಯೂ ಒಲಿಯದೆ ಇದ್ದಿದ್ದರೆ, ಬೆಳಗ್ಗೆ ಅರಮನೆಯಲ್ಲಿ ತಿಳಿಯುತ್ತಿದ್ದುದು ಇಷ್ಟೇ: ಬಾಗಿಲಿನವ ಇವತ್ತು ಕೆಲಸಕ್ಕೆ ಬಂದಿಲ್ಲ.