ಯಂತ್ರ ಇಳಿಸಿದ ಕ್ರಿಯಾಟಿನಿನ್

ಐಸಿಯು ಬಾಗಿಲಲ್ಲಿ ರಾತ್ರಿಯೆಲ್ಲ ಕಾದವರು, ಬೆಳಿಗ್ಗೆ ಡಾಕ್ಟರು ಹೊರಬಂದ ಕೂಡಲೇ ಕೇಳುವುದು ಒಂದೇ: 'ಕ್ರಿಯಾಟಿನಿನ್ ಎಷ್ಟಿದೆ ಸಾರ್?' ನಿನ್ನೆ 6 ಇತ್ತು, ಇವತ್ತು 3 ಎಂದರೆ ಹೋದ ಜೀವ ಬಂದಂತಾಗುತ್ತದೆ. ಆ ನೆಮ್ಮದಿಯನ್ನು ಕಸಿಯುವ ಮನಸ್ಸು ನನಗಿಲ್ಲ. ಆದರೂ ಹೇಳಲೇಬೇಕು, ರಾತ್ರಿಯೆಲ್ಲ ಡಯಾಲಿಸಿಸ್ ನಡೆದಿದ್ದರೆ ಆ 3 ಯಂತ್ರದ ದುಡಿಮೆ. ಕಿಡ್ನಿ ಚೇತರಿಸಿಕೊಂಡಿತೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ರಕ್ತಪರೀಕ್ಷೆಯ ಅಂಕಿಗಳನ್ನು ನೋಡಿ ಇಂಥ ರೋಗಿ ಬದುಕುಳಿಯುತ್ತಾರೋ ಇಲ್ಲವೋ ಹೇಳಬಹುದೇ? ನೂರು ಮಂದಿಯ ಗುಂಪಿನ ಬಗ್ಗೆ ಅಂದಾಜು ಹೇಳಬಹುದು. ಆ ಅಂದಾಜನ್ನು ಮಂಚದ ಮೇಲಿರುವ ಒಬ್ಬರ ಹಣೆಬರಹವೆಂದು ಓದುವುದು ತಪ್ಪು ಎಂಬುದು ನನ್ನ ವಾದ.

ಕ್ರಿಯಾಟಿನಿನ್ನನ್ನೇ ನೋಡಿ. ಅದು ಹುಟ್ಟುವುದು ಸ್ನಾಯುವಿನಲ್ಲಿ, ಹೊರಹಾಕುವುದು ಕಿಡ್ನಿ. ಏರಿದರೆ ಕೆಟ್ಟದ್ದು ಎಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ಐಸಿಯುನಲ್ಲಿ ಡಯಾಲಿಸಿಸ್ ಆರಂಭಿಸುವ ಹೊತ್ತಿಗೆ ಕ್ರಿಯಾಟಿನಿನ್ ಕಡಿಮೆ ಇದ್ದವರಲ್ಲೇ ಸಾವು ಹೆಚ್ಚು ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ವಿಚಿತ್ರವೆನಿಸಿದರೂ ಕಾರಣ ಸರಳ. ವಾರಗಟ್ಟಲೆ ಮಲಗಿ ಸ್ನಾಯು ಕರಗಿದವರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಬಾಟಲಿಗಟ್ಟಲೆ ಡ್ರಿಪ್ ಹೋಗಿ ಮೈ ಊದಿಕೊಂಡವರಲ್ಲಿ ಹುಟ್ಟಿದ್ದೂ ನೀರಿನಲ್ಲಿ ತೆಳುವಾಗುತ್ತದೆ. ಅಂಕಿ ಒಂದೇ ಇದ್ದರೂ ಗಟ್ಟಿಮುಟ್ಟಾದ ಯುವಕನಲ್ಲಿ ಅದರ ಅರ್ಥ ಬೇರೆ, ತಿಂಗಳಿಂದ ಹಾಸಿಗೆ ಹಿಡಿದ ಅಜ್ಜಿಯಲ್ಲಿ ಬೇರೆ.

ಅಂಗಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟನ್ನು ನಾನು ಇದಕ್ಕಿಂತ ಹೆಚ್ಚು ನಂಬುತ್ತೇನೆ. ಯಂತ್ರ ಅದನ್ನೂ ಸೋಸುತ್ತದೆ, ಆದರೆ ದೇಹ ತಾನೇ ಕರಗಿಸುವ ಪ್ರಮಾಣದ ಮುಂದೆ ಅದು ಲೆಕ್ಕಕ್ಕಿಲ್ಲ. ಹಾಗಾಗಿ ಡಯಾಲಿಸಿಸ್ ನಡೆಯುತ್ತಿರುವಾಗಲೂ ಲ್ಯಾಕ್ಟೇಟ್ ಇಳಿಯುತ್ತ ಬಂದರೆ ಒಳ್ಳೆಯ ಸೂಚನೆ. ಅಲ್ಲೂ ಎಚ್ಚರ ಬೇಕು. ಬಿಪಿ ಏರಿಸಲು ಕೊಡುವ ಅಡ್ರಿನಲಿನ್ ಲ್ಯಾಕ್ಟೇಟನ್ನೂ ಏರಿಸುತ್ತದೆ. ಲಿವರ್ ಸೋತರೆ ಅದು ಕರಗದೆ ಉಳಿಯುತ್ತದೆ.

ಹಾಗಾದರೆ ಅಂಕಿಯನ್ನು ಸರಿಪಡಿಸಿದರೆ ರೋಗಿಯೂ ಸರಿಹೋಗುತ್ತಾರೆಯೇ? ರಕ್ತದಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನ್ ಕುಸಿದವರಿಗೆ ಅಪಾಯ ಹೆಚ್ಚು, ನಿಜ. ಇಟಲಿಯ 100 ಐಸಿಯುಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಆಲ್ಬಿಯೋಸ್ ಅಧ್ಯಯನದಲ್ಲಿ, ಸೋಂಕಿನಿಂದ ಅಂಗಗಳೇ ಸೋಲುವ ತೀವ್ರ ಸೆಪ್ಸಿಸ್ ರೋಗಿಗಳ ಒಂದು ಗುಂಪಿಗೆ ಆಲ್ಬುಮಿನ್ ಕೊಟ್ಟು ಅದರ ಮಟ್ಟವನ್ನು ಏರಿಸಿದರು. 28 ದಿನಗಳಲ್ಲಿ ತೀರಿಕೊಂಡವರು ಕೊಟ್ಟ ಗುಂಪಿನಲ್ಲಿ ಶೇ. 31.8, ಕೊಡದ ಗುಂಪಿನಲ್ಲಿ ಶೇ. 32. ಡಯಾಲಿಸಿಸ್ಸಿನದೂ ಇದೇ ಕಥೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ರೀನಲ್ ಅಧ್ಯಯನ (2009) ದೇಹತೂಕದ ಪ್ರತಿ ಕಿಲೋಗೆ ಗಂಟೆಗೆ 25 ಮಿಲಿಲೀಟರ್ ಸೋಸುವುದನ್ನೂ 40 ಮಿಲಿಲೀಟರ್ ಸೋಸುವುದನ್ನೂ ಹೋಲಿಸಿತು. 90 ದಿನಗಳಲ್ಲಿ ಎರಡೂ ಕಡೆ ಶೇ. 44.7 ಮಂದಿ ಸತ್ತರು. ಹೆಚ್ಚು ಸೋಸಿದ್ದರಿಂದ ಹೆಚ್ಚು ಜೀವ ಉಳಿಯಲಿಲ್ಲ. ಆದರೆ ಆ ಅಂಕಿಯ ಇನ್ನೊಂದು ಮಗ್ಗುಲಲ್ಲಿ, ಅಷ್ಟು ಕಾಯಿಲೆ ಬಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕಿದ್ದಾರೆ ಎಂಬುದನ್ನೂ ಮರೆಯಬಾರದು.

ಮರೆತರೆ ಏನಾಗುತ್ತದೆ ಎಂಬುದೇ ನನ್ನನ್ನು ಕಾಡುವುದು. ದಿನದಿನಕ್ಕೆ ಬಿಲ್ಲು ಏರುತ್ತಿದೆ, ಒಡವೆ ಅಡವಿಟ್ಟಾಗಿದೆ. ಅಂಥ ಹೊತ್ತಿನಲ್ಲಿ 'ಈ ರಿಪೋರ್ಟ್ ಇದ್ದವರು ಉಳಿಯೋದು ಕಷ್ಟ' ಎಂಬ ಒಂದು ಮಾತು ಸಾಕು, ರೋಗಿಯನ್ನು ಮನೆಗೆ ಕರೆದೊಯ್ಯುತ್ತಾರೆ. ಅಲ್ಲಿ ಅವರು ತೀರಿಕೊಂಡಾಗ ರಿಪೋರ್ಟ್ ಹೇಳಿದ್ದು ನಿಜವಾಯಿತು ಎನ್ನುತ್ತೇವೆ. ಮುಂದಿನ ರೋಗಿಯ ಲೆಕ್ಕಕ್ಕೆ ಆ ಸಾವೂ ಸೇರಿಕೊಳ್ಳುತ್ತದೆ. ಚಿಕಿತ್ಸೆ ನಿಲ್ಲಿಸುವುದು ಯಾವಾಗಲೂ ತಪ್ಪೆಂದು ನಾನು ಹೇಳುತ್ತಿಲ್ಲ. ಸುಪ್ರೀಂ ಕೋರ್ಟಿನ ತೀರ್ಪನ್ನು ಅನುಸರಿಸಿ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಅದಕ್ಕೊಂದು ದಾರಿ ಇದೆ. ಎರಡು ವೈದ್ಯ ಮಂಡಳಿಗಳು ರೋಗಿಯನ್ನು ಪರಿಶೀಲಿಸಬೇಕು, ಮನೆಯವರು ಒಪ್ಪಬೇಕು. ಅಷ್ಟೊಂದು ಕಣ್ಣುಗಳು ನೋಡಬೇಕಾದ್ದನ್ನು ಲ್ಯಾಬಿನ ಒಂದು ಚೀಟಿಗೆ ಬಿಟ್ಟುಕೊಡಬಾರದು.

ನಾಳೆ ಬೆಳಿಗ್ಗೆ ಡಾಕ್ಟರು ಹೊರಬಂದಾಗ ಮನೆಯವರು ಹೀಗೆ ಕೇಳಬಹುದು: ಮೂತ್ರ ಎಷ್ಟು ಬಂತು? ಬಿಪಿ ಏರಿಸುವ ಔಷಧಿ ಇಳಿಸಿದ್ದೀರಾ? ಯಂತ್ರ ನಿಲ್ಲಿಸಿದ ಮೇಲೆ ಕ್ರಿಯಾಟಿನಿನ್ ಏನಾಯಿತು?