ಹತ್ತಿ ಹೂವಾದಾಗ ಬಂದ ಸುಂಕದ ಸುದ್ದಿ

2025ರ ಆಗಸ್ಟ್‌ನಲ್ಲಿ ಶಹಾಪುರ ತಾಲ್ಲೂಕಿನ ನಮ್ಮ ಹೊಲದಲ್ಲಿ ಹತ್ತಿ ಹೂವಾಗಿ ನಿಂತಿತ್ತು. ನಾನು ಯಾದಗಿರಿಯಲ್ಲಿ ರೂಮು ಮಾಡಿಕೊಂಡು ಎಸ್‌ಎಸ್‌ಸಿಯ ಸಿಜಿಎಲ್ ಪರೀಕ್ಷೆಗೆ ಓದುತ್ತಿದ್ದೆ. ಪ್ರಚಲಿತ ವಿದ್ಯಮಾನದ ನೋಟ್ಸ್‌ನಲ್ಲಿ ಒಂದು ಸಾಲು ಬರೆದುಕೊಂಡೆ: ‘ಹತ್ತಿ ಆಮದು ಸುಂಕ ಶೇ 11. ಆಗಸ್ಟ್ 19ರಿಂದ ಸೆಪ್ಟೆಂಬರ್ 30ರವರೆಗೆ ವಿನಾಯಿತಿ.’ ಒಂದು ಪ್ರಶ್ನೆ ಬರಬಹುದೆಂದು ಕೆಳಗೆ ಕೆಂಪು ಗೆರೆಯನ್ನೂ ಎಳೆದೆ. ಹತ್ತು ದಿನ ಕಳೆಯುವುದರೊಳಗೆ ವಿನಾಯಿತಿಯನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿದರು. ನೋಟ್ಸ್ ತಿದ್ದಿದೆ, ಮುಂದಿನ ಪುಟಕ್ಕೆ ಹೋದೆ.

ಅದು ನಮ್ಮ ಮನೆಯ ಸುದ್ದಿ ಎಂದು ತಲೆಗೆ ಹೋದದ್ದು ನವೆಂಬರ್‌ನಲ್ಲಿ, ಅಪ್ಪನ ಜೊತೆ ಹತ್ತಿ ಮಿಲ್ಲಿನ ಮುಂದೆ ಸಾಲಿನಲ್ಲಿ ನಿಂತಾಗ. 2025-26ರ ಹಂಗಾಮಿಗೆ ಕೇಂದ್ರ ನಿಗದಿಪಡಿಸಿದ್ದ ಬೆಂಬಲ ಬೆಲೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲ್‌ಗೆ ₹7,710, ಉದ್ದ ಎಳೆಗೆ ₹8,110. ಆದರೆ ತೇವಾಂಶ ಶೇ 12 ದಾಟಿದರೆ ಖರೀದಿ ಕೇಂದ್ರದಲ್ಲಿ ಕೊಳ್ಳುವುದಿಲ್ಲ. ಸೆಪ್ಟೆಂಬರ್‌ನ ಮಳೆಯಲ್ಲಿ ತೊಯ್ದ ನಮ್ಮ ಮೊದಲ ಬಿಡಿ ಖಾಸಗಿಯವರ ಪಾಲಾಯಿತು. ದರ ಕೇಳಿ ಅಪ್ಪ ಸುಮ್ಮನಾದರು. ವ್ಯಾಪಾರಿ, ‘ಹೊರದೇಶದ ಮಾಲು ಸಸ್ತಾ ಬರ್ಲಕತ್ತದ ಯಜಮಾನ್ರ, ನಾವೇನ್ ಮಾಡದು?’ ಅಂದ. ಅಪ್ಪ ನನ್ನ ಕಡೆ ತಿರುಗಿ, ‘ನೀ ಇದೇ ಓದ್ಲಕತ್ತಿ ಅಲ್ಲೇನು?’ ಎಂದು ಕೇಳಿದರು. ಹೌದು, ಇದೇ. ನಾನು ಕಣ್ಣಿಟ್ಟಿರುವುದೇ ಕಸ್ಟಮ್ಸ್‌ನ ಎಕ್ಸಾಮಿನರ್ ಹುದ್ದೆಯ ಮೇಲೆ.

ಅಲ್ಲೇ ನಿಂತು ಅಪ್ಪನಿಗೆ ಲೆಕ್ಕ ಹೇಳಿದೆ. 2021ರ ಬಜೆಟ್‌ನಲ್ಲಿ ಹತ್ತಿಗೆ ಶೇ 5 ಮೂಲ ಸುಂಕ, ಶೇ 5 ಕೃಷಿ ಮೂಲಸೌಕರ್ಯ ಸೆಸ್ ಹಾಕಿದರು. ಈ ಎರಡೂ ಸೇರಿದ ಮೊತ್ತದ ಮೇಲೆ ಹತ್ತರಲ್ಲೊಂದು ಪಾಲು ಸಮಾಜ ಕಲ್ಯಾಣ ಸರ್ಚಾರ್ಜ್. ಒಟ್ಟು ಶೇ 11. ಅಂದರೆ ಒಂದು ಲಕ್ಷ ರೂಪಾಯಿಯ ಹತ್ತಿ ಬಂದರಿನಲ್ಲಿ ಇಳಿದರೆ ₹11 ಸಾವಿರ ಕಟ್ಟಬೇಕು. ಆ ಹನ್ನೊಂದು ಸಾವಿರವೇ ನಮ್ಮ ಹತ್ತಿಗೆ ಬೇಲಿ. 1962ರ ಕಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಹಿತಾಸಕ್ತಿ ಎಂದು ಕಂಡರೆ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಆ ಬೇಲಿಯನ್ನು ತೆಗೆಯಬಹುದು. 2022ರಲ್ಲೂ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹೀಗೆಯೇ ತೆಗೆದಿದ್ದರು.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಬರಹ ಸಲೀಸು: ಸರ್ಕಾರ ತಪ್ಪು, ರೈತ ಸರಿ. ಆದರೆ ನಮ್ಮಕ್ಕ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ನಮ್ಮ ಜಿಲ್ಲೆಯಿಂದ ಗುಳೆ ಹೋದ ಮನೆಗಳಿಗೆ ಈ ಕಥೆ ಹೊಸದಲ್ಲ. ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50ರಷ್ಟು ಸುಂಕ ಹೇರಿದಾಗ ಅವಳ ಫೋನ್‌ನಲ್ಲಿ ಬೇರೆ ಮಾತೇ ಇರಲಿಲ್ಲ; ಓ.ಟಿ. ನಿಂತಿದೆ, ಆರ್ಡರ್ ಕಡಿಮೆಯಾಗಿದೆ, ಮುಂದಿನ ತಿಂಗಳು ಯಾರನ್ನು ಬಿಡಿಸುತ್ತಾರೋ ಎನ್ನುವುದೇ. ಹತ್ತಿ ಅಗ್ಗವಾಗಿ ಸಿಗಲಿ ಎಂದು ಗಿರಣಿಗಳವರು ಕೇಳಿದ್ದರಲ್ಲಿ ಅವಳ ಸಂಬಳವೂ ಇದೆ. ಅಪ್ಪನ ಹೊಲ, ಅಕ್ಕನ ಕೆಲಸ ಎರಡೂ ಒಂದೇ ಅಧಿಸೂಚನೆಯ ಎರಡು ತುದಿಯಲ್ಲಿವೆ. ಹಾಗಾಗಿ ಸುಂಕ ಎಂದೂ ಇಳಿಸಬಾರದು ಎಂದು ನಾನು ವಾದಿಸಲಾರೆ. ಅವ್ವನ ಮುಂದೆ ಹಾಗೆ ವಾದಿಸುವ ಧೈರ್ಯವೂ ಇಲ್ಲ.

ನನ್ನ ತಕರಾರು ಸಮಯದ್ದು. ಜೂನ್‌ನಲ್ಲಿ ಬೀಜ, ಗೊಬ್ಬರಕ್ಕೆ ಸಾಲ ತಂದು ಬಿತ್ತುವಾಗ ಶೇ 11 ಇದೆ, ಹೂವಾದಾಗ ಇಲ್ಲ. ಬಿತ್ತುವ ಮೊದಲೇ ಗೊತ್ತಿದ್ದರೆ ಅಪ್ಪ ಎರಡು ಎಕರೆಯಲ್ಲಾದರೂ ತೊಗರಿ ಹಾಕುತ್ತಿದ್ದರು. ತೊಗರಿಯದೂ ಅದೇ ಕಥೆ ಅನ್ನಿ. ತೊಗರಿಯ ಮುಕ್ತ ಆಮದನ್ನು 2026ರ ಮಾರ್ಚ್ 31ರವರೆಗೆ ಮುಂದುವರಿಸುವ ಆದೇಶ ಬಂದದ್ದು 2025ರ ಜನವರಿಯಲ್ಲಿ. ಕಲಬುರಗಿ, ಯಾದಗಿರಿಯಲ್ಲಿ ಅದು ರಾಶಿ ಮಾಡುವ ತಿಂಗಳು. ಮೊಜಾಂಬಿಕ್‌ನಿಂದ ವರ್ಷಕ್ಕೆ ಎರಡು ಲಕ್ಷ ಟನ್, ಮಲಾವಿಯಿಂದ ಐವತ್ತು ಸಾವಿರ ಟನ್ ತರಿಸಿಕೊಳ್ಳುವ ಒಪ್ಪಂದಗಳೂ ಆಗಿದ್ದವು. ಕೂಲಿ ಮಾಡುವವರ ತಟ್ಟೆಗೆ ಬೇಳೆ ಬೇಕು, ಒಪ್ಪೋಣ. ಆದರೆ ಮೊಜಾಂಬಿಕ್‌ಗೆ ವರ್ಷಗಳ ಮೊದಲೇ ಮಾತು ಕೊಡಬಹುದಾದರೆ, ಸುರಪುರದ ರೈತನಿಗೆ ಒಂದು ಹಂಗಾಮು ಮೊದಲು ಯಾಕೆ ಕೊಡಲಾಗದು? ಭತ್ತ ಬೆಳೆಯುವವರಿಗೂ ಹೀಗೆಯೇ ಆಗಿದೆ. 2023ರ ಜುಲೈ 20ರಂದು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಂತಿತು. ನಾರಾಯಣಪುರ ಎಡದಂಡೆ ಕಾಲುವೆಯ ಗದ್ದೆಗಳಿಗೆ ಅದು ನಾಟಿಯ ಹೊತ್ತು. ನಿಷೇಧ ತೆರವಾದದ್ದು ಮರುವರ್ಷ ಸೆಪ್ಟೆಂಬರ್ 28ಕ್ಕೆ.

ನಿಜಾಮರ ಕಾಲದಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಸುಂಕದ ಇಲಾಖೆ ಇತ್ತು, ಕರೋಡಗಿರಿ ಅಂತ. ಗಡಿ ನಾಕಾದಲ್ಲಿ ಬಂಡಿ ತರುಬಿ ಹಣ ಕೇಳುತ್ತಿದ್ದರು. ಬೈಯಲಿಕ್ಕಾದರೂ ಎದುರಿಗೆ ಒಬ್ಬ ಮನುಷ್ಯ ಇರುತ್ತಿದ್ದ. ಈಗಿನ ನಾಕಾ ರಾಜ್ಯಪತ್ರದ ಪಿಡಿಎಫ್‌ನಲ್ಲಿದೆ, ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ. ಅದನ್ನು ಮೊದಲು ಓದುವುದು ಮುಂಬೈನ ಆಮದುದಾರ, ಕೊನೆಗೆ ತಿಳಿಯುವುದು ನಮಗೆ, ಅದೂ ದರದ ರೂಪದಲ್ಲಿ.

ನಾನು ಕೇಳುವುದು ದೊಡ್ಡದೇನಲ್ಲ. ಹತ್ತಿ, ತೊಗರಿ, ಅಕ್ಕಿಯಂಥ ಬೆಳೆಗಳ ಸುಂಕವನ್ನು ಮೇ ತಿಂಗಳೊಳಗೆ ಪ್ರಕಟಿಸಿ, ಸುಗ್ಗಿ ಮುಗಿಯುವವರೆಗೆ ಕದಲಿಸಬೇಡಿ. ತುರ್ತಾಗಿ ಬದಲಿಸಲೇಬೇಕಾದರೆ, ಬಿತ್ತಿದವನಿಗೆ ವ್ಯತ್ಯಾಸದ ಹಣ ಕೊಡುವ ಹೊಣೆಯನ್ನೂ ಅದೇ ಆದೇಶದಲ್ಲಿ ಬರೆಯಿರಿ. ಎಪಿಎಂಸಿಗಳಲ್ಲಿ ದಿನದ ದರ ಬರೆಯುವ ಹಲಗೆಯ ಮೇಲೆ ಕನ್ನಡದಲ್ಲಿ ಒಂದು ಸಾಲು ಹೆಚ್ಚು ಬರೆಯಿರಿ: ಇಂದು ಆಮದು ಸುಂಕ ಎಷ್ಟು, ಎಲ್ಲಿಯವರೆಗೆ.

ಬಿ.ಕಾಂ. ಓದುತ್ತಿರುವ ಗೆಳೆಯರಿಗೂ ಒಂದು ಮಾತು. ಮೂರು ವರ್ಷ ಓದಿಯೂ ಒಂದು ಶಿಪ್ಪಿಂಗ್ ಬಿಲ್ ಹೇಗಿರುತ್ತದೆಂದು ನಾನು ನೋಡಿರಲಿಲ್ಲ. ರಫ್ತಿಗೆ ಬೇಕಾದ ಐಇಸಿ ನೋಂದಣಿಗೆ ಶುಲ್ಕ ₹500 ಮಾತ್ರ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲೇ ಆಗುತ್ತದೆ ಎಂಬುದೂ ಗೊತ್ತಿರಲಿಲ್ಲ. ನಮ್ಮ ರೈತ ಉತ್ಪಾದಕ ಕಂಪನಿಗಳಲ್ಲಿ ಈ ಕಾಗದಪತ್ರ ಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ, ‘ಹೊರದೇಶದ ಮಾಲು’ ಎಂಬ ಮಾತಿಗೆ ಅಲ್ಲೇ ಲೆಕ್ಕ ಕೇಳಬಹುದಿತ್ತು. ಅಂದು ಸಾಲಿನಲ್ಲಿ ನನಗೆ ಕೇಳಲಾಗಲಿಲ್ಲ. ಶೇ 11 ಗೊತ್ತಿತ್ತು, ನಮ್ಮ ದರದಲ್ಲಿ ಅದರ ಪಾಲೆಷ್ಟು, ಮಳೆಯ ಪಾಲೆಷ್ಟು ಎಂದು ಬಿಡಿಸಲು ಬರಲಿಲ್ಲ.

ಎರಡನೇ ಬಿಡಿಯ ಹತ್ತಿ ಇನ್ನೂ ಪಡಸಾಲೆಯ ಪಕ್ಕದ ಕೋಣೆಯಲ್ಲಿದೆ. ‘ಮೂವತ್ತೊಂದು ದಾಟ್ಲಿ, ಆಮ್ಯಾಲ ನೋಡಮು’ ಅನ್ನುತ್ತಾರೆ ಅಪ್ಪ. ತೊಗರಿ ರಾಶಿ ಬರುವ ಮೊದಲು ಕೋಣೆ ಖಾಲಿಯಾಗಬೇಕು ಅನ್ನುತ್ತಾಳೆ ಅವ್ವ.